ಸ್ಯಾಂಪಲ್ ನಂಬರ್ ಮುನ್ನೂರ ಹದಿನೆಂಟು

"ಶನಿವಾರ ಹನ್ನೆರಡು ಗಂಟೆಗೆ ಘಣಸೋಲಿಯಲ್ಲಿ, ಕ್ಯಾಮೆರಾದ ಮುಂದೆ, ಮುರಾರಿ ಶೇಟನ ಎದುರಿಗೇ, ಅವನ ಪಂಪಿನ ಮಾನ ಕಳೆಯದೇ ಹೋದರೆ ನಾನು ಅನಂತರಾಮನೇ ಅಲ್ಲ!"

ಹೀಗೆಂದು ಶಪಥ ಮಾಡಿದಾಗ ಅನಂತರಾಮರು ಡೊಂಬಿವ್ಲಿ ಪೂರ್ವದ ತಮ್ಮ ಫ್ಲ್ಯಾಟಿನ ಹಾಲಿನಲ್ಲಿ ಬನಿಯನ್ ತೊಟ್ಟು, ಬಲಗೈಯಲ್ಲಿ ಸ್ಪ್ಯಾನರ್ ಎತ್ತಿ ಹಿಡಿದು ನಿಂತಿದ್ದರು. ಕುರುಕ್ಷೇತ್ರದಲ್ಲಾಗಿದ್ದರೆ ಶಂಖ ಊದುವವರಿರುತ್ತಿದ್ದರು. ಇಲ್ಲಿ ಕುಕ್ಕರ್ ಕೂಗಿತು.

ಅಡುಗೆಮನೆಯಿಂದ ಹೆಂಡತಿ ಭಾಗೀರಥಿ ತಲೆ ಹಾಕಿದರು. "ಶಪಥ ಆಮೇಲೆ ಮಾಡಿ. ಆ ಸ್ಪ್ಯಾನರ್ ಇಲ್ಲಿ ಕೊಡಿ, ಸಿಂಕ್ ಕೆಳಗಿನ ಪೈಪು ಸೋರ್ತಾ ಇದೆ."

"ಇದು ಸ್ಯಾಂಪಲ್, ಭಾಗೀರಥಿ! ಸ್ಯಾಂಪಲ್ ಬಳಸೋ ಹಾಗಿಲ್ಲ!"

"ಹಾಗಾದ್ರೆ ಆ ಬಕೆಟ್ಟಾದ್ರೂ ಕೊಡಿ. ಅದೂ ಸ್ಯಾಂಪಲ್ಲಾ?"

ಬಕೆಟ್ ಸ್ಯಾಂಪಲ್ ಆಗಿರಲಿಲ್ಲ. ಆ ಮನೆಯಲ್ಲಿ ಸ್ಯಾಂಪಲ್ ಅಲ್ಲದ ವಸ್ತುಗಳಲ್ಲಿ ಅದೂ ಒಂದು. ಉಳಿದದ್ದೆಲ್ಲ ಸ್ಯಾಂಪಲ್ಲೇ! ದಿವಾನ್ ಮಂಚದ ಹೊಟ್ಟೆಯಲ್ಲಿ ಪಂಪು, ಅಟ್ಟದ ಮೇಲೆ ಪಂಪು, ದೇವರ ಗೂಡಿನ ಕೆಳಗೆ ಸೈಕಲ್ ಚೈನಿನ ಕೊಂಡಿ ಬಿಡಿಸುವ ಹದಿನಾರು ನಮೂನೆಯ ಸಾಧನಗಳು. ಪ್ರತಿಯೊಂದಕ್ಕೂ ಕೆಂಪು ಟೇಪಿನ ಮುದ್ರೆ, ನಂಬರು, ತಾರೀಕು, ಸಹಿ. ನಾಳೆ ಯಾವನಾದರೂ ತಯಾರಕ "ನನ್ನ ಪಂಪು ಚೆನ್ನಾಗಿಯೇ ಇತ್ತು" ಎಂದು ಜಗಳಕ್ಕೆ ಬಂದರೆ, ಪರೀಕ್ಷೆ ಮಾಡಿದ ದಿನ ಹೇಗಿತ್ತೋ ಹಾಗೆಯೇ ಅವನ ಮುಂದೆ ಇಡಬೇಕಲ್ಲ! ಆದ್ದರಿಂದ ಸ್ಯಾಂಪಲ್ಲನ್ನು ಯಾರೂ ಮುಟ್ಟುವಂತಿಲ್ಲ, ಬಳಸುವಂತಿಲ್ಲ, ಸಾಧ್ಯವಾದರೆ ಅದರ ಕಡೆ ನೋಡುವಂತೆಯೂ ಇಲ್ಲ.

ಹೀಗಾಗಿ ಮುನ್ನೂರ ಹದಿನೆಂಟು ಸ್ಯಾಂಪಲ್ಲುಗಳ ಒಡೆಯನ ಏಕಮಾತ್ರ ಪುತ್ರಿ ಚಿನ್ನು, ತನ್ನ ಸೈಕಲ್ಲಿಗೆ ಗಾಳಿ ಬೇಕಾದಾಗ, ಅದನ್ನು ತಳ್ಳಿಕೊಂಡು ಸೊಸೈಟಿಯ ಗೇಟಿನಾಚೆ ಇದ್ದ ಚಂದ್ರಬಾಯಿಯ ಪಂಕ್ಚರ್ ಅಂಗಡಿಗೆ ಹೋಗುತ್ತಿದ್ದಳು.

"ಪಪ್ಪಾ, ದುನಿಯಾ ಭರ್ ಕೇ ಪಂಪ್ ಅಪ್ನೇ ಘರ್ ಮೇ, ಔರ್ ಹವಾ ಬಾಹರ್ ಸೇ?" ಎಂದು ಅವಳು ಕೇಳಿದ್ದಳು. ಡೊಂಬಿವ್ಲಿಯಲ್ಲಿ ಹುಟ್ಟಿದವಳು, ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

"ಅದು ನಿಷ್ಠೆ ಕಣಮ್ಮ," ಎಂದಿದ್ದರು ಅನಂತರಾಮರು.

ನಿಷ್ಠೆ! ಅದೊಂದೇ ಅವರಿಗೆ ಉಳಿದದ್ದು. ಮೈಸೂರಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಡೊಂಬಿವ್ಲಿಯ ಸೈಕಲ್ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಪರೀಕ್ಷಾ ವಿಭಾಗಕ್ಕೆ ಸೇರಿದವರು ಅವರು. ಜೊತೆಗೆ ಓದಿದವರು ಅಣೆಕಟ್ಟು ಕಟ್ಟಿದರು, ಮೆಟ್ರೋ ಕಟ್ಟಿದರು, ಒಬ್ಬನಂತೂ ರಾಕೆಟ್ಟಿಗೆ ಬೋಲ್ಟು ಹಾಕಿದ. ಅನಂತರಾಮರು ಪಂಪಿನ ಹಿಡಿಯನ್ನು ಮೇಲೆತ್ತಿದರು, ಕೆಳಗಿಳಿಸಿದರು, ಎಣಿಸಿದರು. ಹೆಣ್ಣು ನೋಡಲು ಹೋದಾಗ ಉದ್ಯೋಗ ಕೇಳಿದ್ದಕ್ಕೆ "ಒತ್ತಡ ತಂತ್ರಜ್ಞಾನ" ಎಂದಿದ್ದರು. ಮಾವನವರು ಬಾಯ್ಲರ್ ಇರಬೇಕೆಂದುಕೊಂಡು ಮಗಳನ್ನು ಕೊಟ್ಟರು. ಸತ್ಯ ಗೊತ್ತಾಗುವಷ್ಟರಲ್ಲಿ ಆರತಕ್ಷತೆಯ ಊಟ ಮುಗಿದಿತ್ತು.

ಹನ್ನೆರಡು ವರ್ಷಗಳ ಮೇಲೆ ಕಾರ್ಖಾನೆ ಮುಚ್ಚಿತು. ಕಾರ್ಖಾನೆ ಮುಚ್ಚಿದರೇನು, ಅನಂತರಾಮರು ಮುಚ್ಚಲಿಲ್ಲ. ಅಲ್ಲಿನ ಸ್ಯಾಂಪಲ್ಲುಗಳನ್ನೆಲ್ಲ ಮನೆಗೆ ಹೊತ್ತು ತಂದರು. 'ಪೆಡಲ್ ಪಂಚಾಯತ್' ಎಂಬ ಜಾಲತಾಣಕ್ಕೆ ಪಂಪು, ಸ್ಪ್ಯಾನರುಗಳ ವಿಮರ್ಶೆ ಬರೆಯತೊಡಗಿದರು. ಖಾಯಂ ಕೆಲಸವಲ್ಲ, ಲೇಖನಕ್ಕೆ ಇಷ್ಟು ಅಂತ. ಅವರ ವಿಮರ್ಶೆಗೆ ಇನ್ನೂರ ಹದಿನಾಲ್ಕು ಓದುಗರಿದ್ದರು. ಅದರಲ್ಲಿ ಮೂವರು ಬೇರೆ ಬೇರೆ ಫೋನುಗಳಲ್ಲಿ ಸ್ವತಃ ಅನಂತರಾಮರೇ!

ಅವರ ಪರೀಕ್ಷೆಗೆ ಒಂದು ಶಾಸ್ತ್ರವಿತ್ತು. ಪೆಟ್ಟಿಗೆ ಬಿಚ್ಚಬೇಕು, ಒಳಗಿನ ಸೂಚನಾಪತ್ರವನ್ನು ಓದದೆ ಹೊರಗೆಸೆಯಬೇಕು, ಪಂಪು ಬಂದ ಸ್ಥಿತಿಯಲ್ಲೇ ಬಿಗಿಯಬೇಕು, ನೂರು ಸಲ ಒತ್ತಬೇಕು. "ಗಿರಾಕಿ ಸೂಚನಾಪತ್ರ ಓದಲ್ಲ, ಆದ್ದರಿಂದ ನಾನೂ ಓದಲ್ಲ" ಎಂಬುದು ಅವರ ಸಿದ್ಧಾಂತ. ಇಪ್ಪತ್ತಾರು ವರ್ಷಗಳಲ್ಲಿ ಈ ಸಿದ್ಧಾಂತವನ್ನು ಪ್ರಶ್ನಿಸಿದವನು ಒಬ್ಬನೇ. ಪಕ್ಕದ ಊರು ಕಲ್ಯಾಣದ ಶಂಭು ಎಂಬ ಸಣ್ಣ ತಯಾರಕ. ಕಾರ್ಖಾನೆಯ ಕಾಲದಲ್ಲಿ, ಸ್ಯಾಂಪಲ್ ನಂಬರ್ ಏಳನ್ನು ಅನಂತರಾಮರು ತಿರಸ್ಕರಿಸಿದಾಗ, ಮರಾಠಿಯಲ್ಲಿ ಒಂದು ಪೋಸ್ಟ್‌ಕಾರ್ಡ್ ಹಾಕಿದ್ದ. ಪ್ರಶ್ನೆ ಕೇಳುವಷ್ಟು ಅಹಂಕಾರ ಇವನಿಗೆಲ್ಲಿಂದ ಬಂತು ಎಂದುಕೊಂಡು ಅನಂತರಾಮರು ಕಾರ್ಡನ್ನು 'ಅಪ್ರಸ್ತುತ' ಎಂಬ ಫೈಲಿಗೆ ಸೇರಿಸಿದ್ದರು. ಆಮೇಲೆ ಅವನ ಸುದ್ದಿಯಿರಲಿಲ್ಲ.

ಈಗ ಎರಡನೆಯವನು ಎದ್ದಿದ್ದ. ಮುರಾರಿ ಶೇಟ್, ಉಲ್ಹಾಸನಗರದವನು. ಅವನ 'ಝಂಝಾವಾತ ಡೀಲಕ್ಸ್' ಎಂಬ ಪಂಪಿನ ಬಗ್ಗೆ ಅನಂತರಾಮರು ಬರೆದದ್ದು ಇಷ್ಟು: "ಹೆಸರು ಝಂಝಾವಾತ. ಬಂದದ್ದು ನಿಟ್ಟುಸಿರು. ನೂರು ಸಲ ಒತ್ತಿದರೂ ಮೀಟರಿನ ಮುಳ್ಳು ಅಲುಗಲಿಲ್ಲ. ಇದಕ್ಕಿಂತ ನನ್ನ ಹೆಂಡತಿ ಕೋಪದಲ್ಲಿ ಬಿಡುವ ಉಸಿರಿಗೆ ಹೆಚ್ಚು ಒತ್ತಡವಿದೆ. ಅಂಕ: ಹತ್ತಕ್ಕೆ ಸೊನ್ನೆ."

ಶೇಟ್ ಅದನ್ನು ಓದಿಬಿಟ್ಟ! ಇನ್ನೂರ ಹದಿನೈದನೆಯ ಓದುಗ!

ಪೆಡಲ್ ಪಂಚಾಯತಿನ ಈಗಿನ ಯಜಮಾನ ಜಯಂತ್ ಫೋನು ಮಾಡಿದ. ಬೆಂಗಳೂರಿನ ಹುಡುಗ, ವಯಸ್ಸು ಅನಂತರಾಮರ ಅನುಭವಕ್ಕಿಂತ ಸ್ವಲ್ಪ ಹೆಚ್ಚು.

"ಸರ್, ಒಂದ್ ಚಿಕ್ಕ ಪ್ರಾಬ್ಲಮ್. ಶೇಟ್ ಅವ್ರು ಕೋರ್ಟಿಗೆ ಹೋಗ್ತೀನಿ ಅಂತಿದ್ದಾರೆ."

"ಹೋಗಲಿ! ಸ್ಯಾಂಪಲ್ ನಂಬರ್ ಮುನ್ನೂರ ಹದಿನೆಂಟು ನನ್ನ ಹತ್ರ ಭದ್ರವಾಗಿದೆ."

"ಕೋರ್ಟ್ ಬೇಡ ಸರ್. ಶನಿವಾರ ನಮ್ಮ ಘಣಸೋಲಿ ಆಫೀಸಿಗೆ ಅದೇ ಪಂಪ್ ತಗೊಂಡ್ ಬನ್ನಿ. ಲೈವ್ ಮಾಡೋಣ, ಶೇಟ್ ಎದುರಿಗೇ. ಪಂಪ್ ಕೆಲಸ ಮಾಡ್ಲಿಲ್ಲ ಅಂದ್ರೆ ನೀವು ನಮ್ಮ ಮುಖ್ಯ ಪರೀಕ್ಷಕ. ಪರ್ಮನೆಂಟ್. ಬಾಗಿಲ ಮೇಲೆ ಹೆಸರು."

"ಕೆಲಸ ಮಾಡಿದರೆ?"

"ಅಂಕಣ ನಿಲ್ಲಿಸ್ಬೇಕಾಗತ್ತೆ ಸರ್. ಹೇಗೂ ಈಗ ಯಾರೂ ಓದಲ್ಲ ಅಲ್ವಾ?"

ಬಾಗಿಲ ಮೇಲೆ ಹೆಸರು! ಐವತ್ತೆರಡನೆಯ ವಯಸ್ಸಿನಲ್ಲಿ! ಅನಂತರಾಮರು ಸ್ಪ್ಯಾನರ್ ಎತ್ತಿ ಶಪಥ ಮಾಡಿದ್ದು ಆಗಲೇ.

ಶನಿವಾರ ಬೆಳಿಗ್ಗೆ ಎಂಟು ಗಂಟೆ. ಅನಂತರಾಮರು ಮಿಂದು, ವಿಭೂತಿ ಇಟ್ಟು, ಇಸ್ತ್ರಿಯ ಅಂಗಿ ತೊಟ್ಟು ದಿವಾನಿನ ಮುಚ್ಚಳ ಎತ್ತಿದರು. ಮುನ್ನೂರ ಹದಿನೇಳು ಇತ್ತು. ಅದರ ಪಕ್ಕದಲ್ಲಿ ಪಂಪಿನ ಆಕಾರದ ಖಾಲಿ ಜಾಗವಿತ್ತು.

"ಭಾಗೀರಥೀ! ಮುನ್ನೂರ ಹದಿನೆಂಟು ಎಲ್ಲಿ?"

"ಏನದು, ರೂಮ್ ನಂಬರ್ರಾ?"

"ಪಂಪು! ಕಪ್ಪು ಹಿಡಿ, ಹಳದಿ ಕೊಳವೆ!"

"ಓ, ಅದಾ. ಚಂದ್ರಬಾಯಿಗೆ ಕೊಟ್ಟೆ."

ಅನಂತರಾಮರ ಕೈಯಿಂದ ದಿವಾನಿನ ಮುಚ್ಚಳ ಧಡ್ಡೆಂದು ಬಿತ್ತು.

"ನಿನ್ನೆ ಚಿನ್ನು ಟ್ಯೂಷನ್ನಿಗೆ ಹೊರಟ್ಲು," ಭಾಗೀರಥಿ ಸೊಪ್ಪು ಬಿಡಿಸುತ್ತಲೇ ಹೇಳಿದರು. "ಟೈರಲ್ಲಿ ಗಾಳಿ ಇಲ್ಲ. ಚಂದ್ರಬಾಯಿ ಹತ್ರ ಹೋದ್ರೆ ಅವಳ ಪಂಪಿನ ಪೈಪೇ ಒಡೆದುಹೋಗಿತ್ತು. ಪಾಪ, ಅಂಗಡಿ ಬಂದ್ ಆಗೋ ಹಾಗಿತ್ತು. ಮನೇಲಿ ಪಂಪಿನ ಮೇಲೆ ಮಲ್ಗಿ, ಪಂಪಿನ ಮೇಲೆ ಏಳ್ತೀವಿ. ಒಂದು ಕೊಟ್ಟೆ. ತಪ್ಪಾ?"

"ಮುನ್ನೂರ ಹದಿನೆಂಟರಲ್ಲಿ ಅದೇ ಬೇಕಾಗಿತ್ತಾ?"

"ಮೇಲೆ ಅದೇ ಇತ್ತು."

ಮಹಾಯುದ್ಧಗಳೆಲ್ಲ ಹೀಗೇ ಸೋಲುವುದು. ಮೇಲೆ ಇದ್ದದ್ದನ್ನು ಯಾರೋ ಎತ್ತಿಕೊಟ್ಟಿರುತ್ತಾರೆ.

ಅನಂತರಾಮರು ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದರು. ಗೇಟಿನಾಚೆ ಚಪ್ಪರದಂತೆ ಕಟ್ಟಿದ ನೀಲಿ ತಾಡಪತ್ರಿಯ ಕೆಳಗೆ ಚಂದ್ರಬಾಯಿ ಯಾವುದೋ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಕೂತಿದ್ದಳು. ಕಲಬುರಗಿ ಕಡೆಯವಳು. ಗಂಡ ಕಲ್ಯಾಣದ ಗೋದಾಮಿಗೆ ಹಮಾಲಿ ಮಾಡಲು ಹೋಗುತ್ತಾನೆ, ಇವಳು ಅಂಗಡಿ ನೋಡಿಕೊಳ್ಳುತ್ತಾಳೆ. ಅವಳ ಪಕ್ಕದಲ್ಲಿ ಮುನ್ನೂರ ಹದಿನೆಂಟು ಹೊಸ ಅಳಿಯನ ಹಾಗೆ ನಿಂತಿತ್ತು. ಕೆಂಪು ಟೇಪು ಎಲ್ಲೂ ಇರಲಿಲ್ಲ.

"ಬರ್ರಿ ಬರ್ರಿ ಸಾಹೇಬ್ರ!" ಚಂದ್ರಬಾಯಿಯ ಮುಖ ಅರಳಿತು. "ಏನ್ ಪಂಪ್ ಅದರಿ ಇದು! ಬಂಗಾರ ಅದ, ಬಂಗಾರ! ನಿನ್ನಿ ಸಂಜಿಲಿಂದ ಮೂವತ್ತು ನಲವತ್ತು ಗಾಡಿಗಿ ಹೊಡದೀನಿ. ಕೈ ನೋವಂಬೋದೇ ಇಲ್ಲ."

"ಸಾಧ್ಯವಿಲ್ಲ. ಇದು ಕೆಲಸ ಮಾಡಲ್ಲ!"

"ಮೊದಲ ಮಾಡಿರ್ಲಿಲ್ರಿ. ಬರೇ ಫುಸ್ ಅಂತಿತ್ತು. ಬಿಚ್ಚಿ ನೋಡ್ತೀನಿ, ಒಳಗ ಚರ್ಮದ ವಾಸರ್ ಒಣಗಿ ಹಪ್ಪಳ ಆಗ್ಯಾದ. ಎರಡು ಹನಿ ಕೊಬ್ಬರೆಣ್ಣಿ ಹಚ್ಚಿದೆ, ಬೆರಳಿಲೆ ಸ್ವಲ್ಪ ಅಗಲ ಮಾಡಿದೆ, ಕೂಡಿಸಿದೆ. ಅಷ್ಟೇ ನೋಡ್ರಿ. ಚರ್ಮ ಅಂದಮ್ಯಾಲ ಎಣ್ಣಿ ಬೇಡೇನ್ರಿ?"

ಅನಂತರಾಮರು ಅಲ್ಲಿದ್ದ ಸೈಕಲ್ಲೊಂದರ ಟೈರಿಗೆ ಕೊಳವೆ ಸಿಕ್ಕಿಸಿ ಹಿಡಿ ಒತ್ತಿದರು. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯಿತು. ಮೂವತ್ತು ಒತ್ತಿಗೆ ಮುಳ್ಳು ಅರವತ್ತರ ಮೇಲೆ ನಿಂತಿತು. ಇಪ್ಪತ್ತಾರು ವರ್ಷಗಳಲ್ಲಿ ಇಷ್ಟು ಸೊಗಸಾದ ಪಂಪನ್ನು ಅವರು ಮುಟ್ಟಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಸಂತೋಷಕ್ಕಲ್ಲ.

"ಚಂದ್ರಬಾಯಿ," ಅವರು ಆಚೀಚೆ ನೋಡಿ ದನಿ ತಗ್ಗಿಸಿದರು, "ಇದನ್ನ ಮೊದಲು ಹೇಗಿತ್ತೋ ಹಾಗೆ ಮಾಡಿಕೊಡಿ."

"ಅಂದ್ರ?"

"ಅಂದ್ರೆ... ಕೆಡಿಸಿಕೊಡಿ."

ಚಂದ್ರಬಾಯಿ ಟ್ಯೂಬನ್ನು ಕೆಳಗಿಟ್ಟಳು. ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಸಾಹೇಬರ ಬರಿಗಾಲಿನಿಂದ ವಿಭೂತಿಯವರೆಗೆ ಒಂದು ಸಲ ನೋಡಿದಳು.

"ಸಾಹೇಬ್ರ, ಹದಿನೈದು ವರ್ಷ ಆಯ್ತು ನಾ ಇಲ್ಲಿ ಕೂಡ್ಲಕತ್ತು. ಕೆಟ್ಟದ್ದು ಚಲೋ ಮಾಡು ಅಂತ ಬಂದೋರ್ನ ನೋಡೀನಿ. ಚಲೋ ಇದ್ದಿದ್ದು ಕೆಡಸು ಅಂತ ಬಂದೋರು ನೀವೇ ಮೊದಲ. ನನಗ ಕೆಡಸ್ಲಾಕ ಬರಲ್ರಿ. ನಿಮಗ ಬರ್ತದ ಬಿಡ್ರಿ, ನೀವು ಇಂಜಿನೇರು."

ಅದರಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಅನಂತರಾಮರು ತಡೆದುಕೊಳ್ಳುತ್ತಿದ್ದರು.

ಮನೆಗೆ ಬಂದವರು ಪಂಪನ್ನು ಅಡುಗೆಮನೆಯ ಕಟ್ಟೆಯ ಮೇಲೆ ಮಲಗಿಸಿದರು. ಇಲ್ಲಿ ಕಥೆ ಹೇಳುವವನಿಗೂ ಸ್ವಲ್ಪ ಸಂಕೋಚ. ಏಕೆಂದರೆ, ಒಂದು ಅಂಕಕ್ಕಾಗಿ ತಯಾರಕರು ಕಳಿಸಿದ ದೀಪಾವಳಿಯ ಬಾದಾಮಿ ಡಬ್ಬಿಗಳನ್ನು ಕೊರಿಯರಿನವನ ಕೈಯಲ್ಲೇ ವಾಪಸ್ ಕಳಿಸಿದ ಮನುಷ್ಯ ಇವರು. ಚಿನ್ನು ಆ ಕೊರಿಯರಿನ ಹಿಂದೆ ಮೂರನೆಯ ಮಹಡಿಯವರೆಗೆ ಅತ್ತುಕೊಂಡು ಹೋಗಿದ್ದಳು. ಆಗ ಕರಗದವರು ಈಗ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಬಾಟಲಿಯ ಮುಚ್ಚಳ ತೆಗೆದರು!

"ಏನ್ ಮಾಡ್ತಿದ್ದೀರಿ?" ಭಾಗೀರಥಿ ಕೇಳಿದರು.

"ಎಣ್ಣೆ ತೆಗೀತಿದ್ದೀನಿ. ಪರೀಕ್ಷೆ ದಿನ ಇದರಲ್ಲಿ ಎಣ್ಣೆ ಇರಲಿಲ್ಲ. ಈಗ ಇದೆ. ತೆಗೆದರೆ ಮತ್ತೆ ಇರಲ್ಲ. ಇದು ಮೋಸ ಅಲ್ಲ ಭಾಗೀರಥಿ, ಮೂಲಸ್ಥಿತಿಯ ಪುನಃಸ್ಥಾಪನೆ!"

"ಅದನ್ನ ನಮ್ಮ ಮನೇಲಿ ಮೋಸ ಅಂತಿದ್ರು."

"ನಿಮ್ಮ ಮನೇಲಿ ಯಾರೂ ಇಂಜಿನಿಯರ್ ಇರಲಿಲ್ಲ."

"ಅದಕ್ಕೇ ನಿಮ್ಮನ್ನ ನಂಬಿದ್ದು."

ವಾಷರನ್ನು ಮೂರು ಸಲ ಲಿಕ್ವಿಡ್ಡಿನಲ್ಲಿ ಉಜ್ಜಿ ತೊಳೆದರು. ಚಿನ್ನುವಿನ ಹೇರ್ ಡ್ರೈಯರ್ ಹಿಡಿದು ಒಣಗಿಸಿದರು. ಚರ್ಮ ಸುರುಟಿ ಮತ್ತೆ ಹಪ್ಪಳವಾಯಿತು. ಭಲೇ! ಇನ್ನು ಪಂಪಿನ ಸಿಲಿಂಡರಿನ ಒಳಮೈಗೆ ಹತ್ತಿದ ಎಣ್ಣೆ. ಅರ್ಧ ಬಾಟಲಿ ಲಿಕ್ವಿಡ್ ಅದರೊಳಕ್ಕೆ ಸುರಿದು, ಬಾಟಲಿ ತೊಳೆಯುವ ಬ್ರಷ್ಷಿನಿಂದ ಗರಗರ ಉಜ್ಜಿ, ತೊಳೆಯಲು ನಲ್ಲಿ ತಿರುಗಿಸಿದರು.

ನಲ್ಲಿ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಒಂಬತ್ತೂವರೆ! ಸೊಸೈಟಿಯ ನೀರು ನಿಲ್ಲುವ ಹೊತ್ತು!

"ಡ್ರಮ್ಮಿನಿಂದ ಒಂದು ಚೊಂಬು ಕೊಡು!"

"ಡ್ರಮ್ ಮುಟ್ಟಬೇಡಿ. ಸಂಜೆವರೆಗೆ ಅದೇ ನೀರು. ಸ್ಯಾಂಪಲ್ ಅಂದ್ಕೊಳ್ಳಿ."

ವಾದಿಸಲು ಸಮಯವಿರಲಿಲ್ಲ. ಬಟ್ಟೆ ತುರುಕಿ ಒರೆಸಿದರು. ಒಳಗೆ ಕತ್ತಲೆ, ಎಷ್ಟು ಒರೆಸಿತೋ ದೇವರೇ ಬಲ್ಲ. ಬಿಗಿದರು. ಹೊಸ ಕೆಂಪು ಟೇಪು ಸುತ್ತಿದರು. ಅದರ ಮೇಲೆ ಪರೀಕ್ಷೆ ನಡೆದ ಎರಡು ತಿಂಗಳ ಹಿಂದಿನ ತಾರೀಕು ಬರೆದು ಸಹಿ ಹಾಕಿದರು. ಸಹಿ ಮಾತ್ರ ಎಂದಿಗಿಂತ ಚಂದ ಬಂತು. ಅದು ಅವರಿಗೆ ಬಹಳ ಕಹಿಯೆನಿಸಿತು.

ಡೊಂಬಿವ್ಲಿಯಿಂದ ಠಾಣೆಯ ಲೋಕಲ್ಲಿನಲ್ಲಿ ಶನಿವಾರವೆಂದರೂ ಕಾಲಿಡಲು ಜಾಗವಿರಲಿಲ್ಲ. ಅನಂತರಾಮರು ಪಂಪನ್ನು ಎರಡು ಕಾಲುಗಳ ನಡುವೆ ನಿಲ್ಲಿಸಿಕೊಂಡರು. ಅದರ ಹಿಡಿ ಸರಿಯಾಗಿ ಮುಂದಿನವರ ಹೊಟ್ಟೆಯ ಎತ್ತರಕ್ಕೆ ಬಂತು. ಗಾಡಿ ಎಳೆದಾಗ ಜನ ಹಿಂದೆ ವಾಲಿದರು, ಹಿಡಿ ಮೇಲೆ ಬಂತು. ಬ್ರೇಕ್ ಹಾಕಿದಾಗ ಜನ ಮುಂದೆ ವಾಲಿದರು, ಹಿಡಿ ಕೆಳಗೆ ಹೋಯಿತು.

"ಓ ಕಾಕಾ, ಹೇ ಕಾಯ್ ಆಹೇ?" ಒಬ್ಬ ಕೇಳಿದ.

"ಪಂಪ್."

"ಮಗ ಗಾಡೀಲಾ ಹವಾ ಮಾರಾ ನಾ! ರೋಜ್ ಲೇಟ್ ಅಸ್ತೇ!"

ದಿನಾ ತಡವಾಗುವ ಗಾಡಿಗೇ ಗಾಳಿ ಹೊಡೆಯಲು ಹೇಳಿದ್ದಕ್ಕೆ ಇಡೀ ಬೋಗಿಯೇ ನಕ್ಕಿತು. ದಿವಾದಲ್ಲಿ ಇನ್ನಷ್ಟು ಜನ ಹತ್ತಿದರು. ಮುಂಬ್ರಾ ದಾಟುವಷ್ಟರಲ್ಲಿ ಒಬ್ಬ ದಢೂತಿ ಆಸಾಮಿ ಹಿಡಿಯ ಮೇಲೆಯೇ ಮೊಣಕೈ ಊರಿ ನಿಂತ. ಠಾಣೆ ಬರುವವರೆಗೆ ಮಧ್ಯ ರೈಲ್ವೆಯ ಸಮಸ್ತ ಪ್ರಯಾಣಿಕರು ಸೇರಿ ಸ್ಯಾಂಪಲ್ ನಂಬರ್ ಮುನ್ನೂರ ಹದಿನೆಂಟನ್ನು ಒಂದು ಇನ್ನೂರು ಸಲವಾದರೂ ಕಡೆದಿರಬೇಕು. ಒಳಗೆ ಏನು ಮಂಥನವಾಯಿತೆಂಬುದು ಅನಂತರಾಮರಿಗೆ ಹೊಳೆಯಲಿಲ್ಲ. ಅವರು ಬಾಗಿಲ ಮೇಲಿನ ಹೆಸರಿನ ಅಕ್ಷರಗಳು ಹಿತ್ತಾಳೆಯವಿರಬೇಕೋ ಉಕ್ಕಿನವೋ ಎಂದು ಯೋಚಿಸುತ್ತಿದ್ದರು.

ಠಾಣೆಯಲ್ಲಿ ಗಾಡಿ ಬದಲಿಸಿ ಘಣಸೋಲಿ ತಲುಪಿದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಆಫೀಸಿನ ಕೋಣೆಯಲ್ಲಿ ದೀಪಗಳು, ಕ್ಯಾಮೆರಾ, ಮೇಜಿನ ಪಕ್ಕದಲ್ಲಿ ಒಂದು ಸೈಕಲ್. ಮುರಾರಿ ಶೇಟ್ ಬೆಳ್ಳಗಿನ ಸಫಾರಿ ಸೂಟಿನಲ್ಲಿ ಕೈಕಟ್ಟಿ ನಿಂತಿದ್ದ. ಅನಂತರಾಮರು ನಿರೀಕ್ಷಿಸಿದ್ದ ರಾಕ್ಷಸನಂತೆ ಅವನು ಇರಲಿಲ್ಲ. ನಿದ್ದೆಗೆಟ್ಟ ಕಣ್ಣಿನ, ಅರವತ್ತರ ಆಸುಪಾಸಿನ ಮನುಷ್ಯ.

"ಟೇಪು ನೋಡಿಕೊಳ್ಳಿ," ಅನಂತರಾಮರು ಗಂಭೀರವಾಗಿ ಮುದ್ರೆ ತೋರಿಸಿದರು. "ಪರೀಕ್ಷೆಯ ದಿನದಿಂದ ಇದನ್ನು ಯಾರೂ ಮುಟ್ಟಿಲ್ಲ."

"ಭರೋಸಾ ಹೈ ಆಪ್ ಪೇ," ಎಂದ ಶೇಟ್. "ಸಬ್ ಬೋಲ್ತೇ ಹೈ, ಆಪ್ ಬಾದಾಮ್ ಭೀ ವಾಪಸ್ ಭೇಜ್ತೇ ಹೋ."

ಬಾದಾಮಿಯನ್ನೂ ವಾಪಸ್ ಕಳಿಸುವವರೆಂಬ ಆ ನಂಬಿಕೆಯ ಮಾತು ಎದೆಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ಆದರೆ ಅಷ್ಟರಲ್ಲಿ ಜಯಂತ್ ಬೆರಳು ತೋರಿಸಿದ. ಲೈವ್!

ಅನಂತರಾಮರು ಕೊಳವೆಯನ್ನು ಟೈರಿಗೆ ಸಿಕ್ಕಿಸಿ ಹಿಡಿ ಒತ್ತಿದರು.

ಫುಸ್.

ಎರಡು. ಫುಸ್. ಐದು. ಹತ್ತು. ಮುಳ್ಳು ಸೊನ್ನೆಯಲ್ಲಿ ಬೆಟ್ಟದ ಹಾಗೆ ಕೂತಿತ್ತು. ಅನಂತರಾಮರ ಕಂಠ ಏರಿತು. "ನೋಡಿ! ಸತ್ಯಕ್ಕೆ ಸಾಕ್ಷಿ ಬೇಕೇ? ಇದು ಝಂಝಾವಾತವೇ? ಇದು ಗಾಳಿಗೆ ಮಾಡಿದ ಅವಮಾನ!" ಇಪ್ಪತ್ತು. ಒಳಗಿನಿಂದ 'ಗುಳುಂ' ಎಂದು ಒಂದು ಸದ್ದು. ಉಬ್ಬಿಹೋಗಿದ್ದ ಅನಂತರಾಮರಿಗೆ ಅದು ಕೇಳಿಸಲಿಲ್ಲ. "ಇದರ ಬಾಯಿಂದ ಏನು ಬರುತ್ತದೆಂದು ನೀವೇ ನೋಡಿ!" ಎಂದು ಕೊಳವೆಯ ಬಾಯನ್ನು ಟೈರಿನಿಂದ ಕಿತ್ತು, ಕ್ಯಾಮೆರಾದ ಮುಖಕ್ಕೆ ಹಿಡಿದು, ಮೈಭಾರವೆಲ್ಲ ಹಾಕಿ ಒತ್ತಿದರು.

ಒಂದು ಗುಳ್ಳೆ ಬಂತು.

ಮೂಸಂಬಿ ಗಾತ್ರದ, ಕಾಮನಬಿಲ್ಲಿನ ಬಣ್ಣದ, ಬಹು ಸುಂದರವಾದ ಗುಳ್ಳೆ. ತೇಲಿಕೊಂಡು ಜಯಂತನ ಮೂಗಿನವರೆಗೆ ಹೋಗಿ ಅಲ್ಲಿ ಒಡೆಯಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಒಂದು ಸಂಸಾರ. ಬಳಿಕ ಬುಸ್ಸೆಂದು ನೊರೆ! ಗಾಬರಿಯಲ್ಲಿ ಅನಂತರಾಮರು ಹಿಡಿ ಬಿಡುವ ಬದಲು ಮತ್ತೆ ಮತ್ತೆ ಒತ್ತಿದರು. ಕ್ಯಾಮೆರಾದ ಮೇಲೆ ನೊರೆ, ಶೇಟನ ಸಫಾರಿಯ ಮೇಲೆ ನೊರೆ. ಕೋಣೆಯ ತುಂಬ ನಿಂಬೆಯ ಪರಿಮಳ!

ಶೇಟ್ ತೋಳಿನ ಮೇಲಿನ ನೊರೆಯನ್ನು ಬೆರಳಲ್ಲಿ ತೆಗೆದು ಮೂಸಿದ. "ಯೇ ತೋ ಬರ್ತನ್ ಕಾ ಸಾಬುನ್ ಹೈ!"

"ಅದು... ಒಳಗಿನ ಗ್ರೀಸಿನ ರಾಸಾಯನಿಕ ಪ್ರತಿಕ್ರಿಯೆ..."

"ಸಾಬ್," ಶೇಟ್ ಮೆಲ್ಲಗೆ ಅಂದ, "ಗ್ರೀಸ್ ಮೇ ನಿಂಬೂ ಹೋತಾ ಹೈ ಕ್ಯಾ?"

ಅವನು ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲೆ ಹರವಿದ. ಪ್ರತಿ ಪೆಟ್ಟಿಗೆಯಲ್ಲೂ ಇರುವ ಸೂಚನಾಪತ್ರ. ಮೊದಲನೆಯ ಸಾಲೇ: ಬಳಸುವ ಮುನ್ನ ಚರ್ಮದ ವಾಷರಿಗೆ ಎರಡು ಹನಿ ಎಣ್ಣೆ ಹಾಕಿ. ಮೂರು ಭಾಷೆಗಳಲ್ಲಿ ಅಚ್ಚಾಗಿತ್ತು.

"ಪಢಾ ಥಾ?"

"ನಾನು ಸೂಚನಾಪತ್ರ ಓದುವುದಿಲ್ಲ," ಎಂದರು ಅನಂತರಾಮರು. ಇಪ್ಪತ್ತಾರು ವರ್ಷ ಹೆಮ್ಮೆಯಿಂದ ಹೇಳಿದ್ದ ಮಾತು. ಈಗ ಅದು ಬಾಯಿಂದ ಬಂದಾಗ, ಸೈನ್ಯದ ಬಾವುಟದಂತಿದ್ದದ್ದು ಒದ್ದೆ ಟವಲಿನಂತೆ ಜೋತುಬಿದ್ದಿತ್ತು.

ಆಮೇಲೆ ಅವರು ಎಲ್ಲವನ್ನೂ ಹೇಳಿಬಿಟ್ಟರು. ದಿವಾನು, ಚಂದ್ರಬಾಯಿ, ಕೊಬ್ಬರಿ ಎಣ್ಣೆ, ಹೇರ್ ಡ್ರೈಯರು, ನಿಂತ ನಲ್ಲಿ, ಹಳೆಯ ತಾರೀಕು, ಎಲ್ಲ. ಕ್ಯಾಮೆರಾ ಆಫ್ ಆಗಿದೆ ಎಂದುಕೊಂಡು ಹೇಳಿದ್ದು. ಆಗಿರಲಿಲ್ಲ.

ಶೇಟ್ ಕೂಗಾಡಲಿಲ್ಲ. ಕರವಸ್ತ್ರದಿಂದ ನೊರೆ ಒರೆಸಿಕೊಂಡ. "ಉಸ್ ಬಾಯಿ ಕಾ ನಂಬರ್ ದೋ," ಎಂದ. "ಮೇರೇ ಕೋ ಟೆಸ್ಟಿಂಗ್ ಕೇ ಲಿಯೇ ಐಸಾ ಹೀ ಆದ್ಮಿ ಚಾಹಿಯೇ." ತನ್ನ ಪಂಪುಗಳ ಪರೀಕ್ಷೆಗೆಂದು ಚಂದ್ರಬಾಯಿಯ ನಂಬರು ಬರೆದುಕೊಂಡು ಹೋದ. ಹೋಗುವಾಗ ಅನಂತರಾಮರಿಗೆ ನಮಸ್ಕಾರವನ್ನೂ ಮಾಡಿದ. ಬೈದಿದ್ದರೆ ವಾಸಿಯಿತ್ತು.

ಅನಂತರಾಮರು ಪಂಪನ್ನು ಎತ್ತಿಕೊಂಡು ಬಾಗಿಲತ್ತ ನಡೆದರು. ಹೆಸರಿಲ್ಲದ ಬಾಗಿಲು. ಜಯಂತ್ ಫೋನು ನೋಡುತ್ತಾ ಹಿಂದೆಯೇ ಓಡಿಬಂದ.

"ಸರ್, ಸರ್, ನಿಲ್ಲಿ! ಎಲ್ಲಿ ಹೊರಟ್ರಿ?"

"ಅಂಕಣ ನಿಂತಿತಲ್ಲಪ್ಪ."

"ಅಂಕಣ ನಿಂತ್ರೆ ನಿಲ್ಲಲಿ ಸರ್! ನೋಡಿ ಇಲ್ಲಿ, ತೊಂಬತ್ತು ಸಾವಿರ ಜನ! ಆ ಗುಳ್ಳೆ ನನ್ನ ಮೂಗಿನ ಮೇಲೆ ಒಡೀತಲ್ಲ, ಅದನ್ನೇ ತಿರುಗಿ ತಿರುಗಿ ನೋಡ್ತಿದ್ದಾರೆ! ಸರ್, ನಿಮ್ ಕೆಲಸ ಪರ್ಮನೆಂಟ್!"

"ಮುಖ್ಯ ಪರೀಕ್ಷಕ?" ಅನಂತರಾಮರು ತಿರುಗಿ ನಿಂತರು.

"ಅಯ್ಯೋ, ಅದಲ್ಲ ಸರ್. ಬಬಲ್ ಅಂಕಲ್! ವಾರಕ್ಕೊಂದು ಪಂಪ್ ತಗೊಂಡು ಏನಾದ್ರೂ ಕೆಡಿಸಿ. ಗುಳ್ಳೆ ಬರ್ಲಿ, ಹೊಗೆ ಬರ್ಲಿ, ಮುಖಕ್ಕೆ ಮಸಿ ಹಾರ್ಲಿ. ನಿಮ್ ಮುಖ ಇದೆಯಲ್ಲ ಸರ್, ಆ ಸೀರಿಯಸ್‌ನೆಸ್ಸೇ ಕಾಮಿಡಿ!"

ನಿಜ ಬರೆದ ಹದಿನಾಲ್ಕು ವರ್ಷಗಳಿಗೆ ಇನ್ನೂರ ಹದಿನಾಲ್ಕು ಜನ. ಒಂದು ಸುಳ್ಳಿಗೆ, ಒಂದೇ ಮಧ್ಯಾಹ್ನದಲ್ಲಿ, ತೊಂಬತ್ತು ಸಾವಿರ! ಲೋಕವನ್ನು ಬೈಯೋಣವೆಂದರೆ ಆ ನಿಜವೂ ನಿಜವಾಗಿರಲಿಲ್ಲವಲ್ಲ! ವಾಪಸ್ಸು ಬರುವ ಗಾಡಿಯಲ್ಲಿ ಸೀಟು ಸಿಕ್ಕಿತು. ಕಳವಾ ದಾಟಿದ ಮೇಲೆ ಅನಂತರಾಮರ ಮನಸ್ಸು ತನ್ನಷ್ಟಕ್ಕೆ ಎಣಿಸಲು ಶುರುಮಾಡಿತು. ಚರ್ಮದ ವಾಷರಿನ ಪಂಪುಗಳು ಎಷ್ಟು? ನಲವತ್ತೊಂದು. ಪಾಸಾದದ್ದು? ಒಂದೂ ಇಲ್ಲ. ಎದುರು ಸೀಟಿನಲ್ಲಿ ಇಬ್ಬರು ಹುಡುಗಿಯರು ಒಂದು ಫೋನಿನಲ್ಲಿ ಏನನ್ನೋ ನೋಡಿ ನಗುತ್ತಿದ್ದರು. ಫೋನು ನೋಡಿದರು, ಪಂಪು ನೋಡಿದರು, ಇವರ ಮುಖ ನೋಡಿದರು. "ಅಂಕಲ್, ಏಕ್ ಸೆಲ್ಫಿ?"

ಕೊಟ್ಟರು. ಕೆಲಸ ಆಗಲೇ ಪರ್ಮನೆಂಟ್ ಆಗಿತ್ತು.

ಮನೆಯಲ್ಲಿ ಚಿನ್ನು ಬಾಗಿಲಲ್ಲೇ ಕುಣಿದಳು. "ಪಪ್ಪಾ, ಆಪ್ ವೈರಲ್ ಹೋ ಗಯೇ! ಮೇರೀ ಪೂರೀ ಕ್ಲಾಸ್ ನೇ ದೇಖಾ!" ಹುಟ್ಟಿದಾಗಿನಿಂದ ಅವಳು ಅಪ್ಪನ ಕೆಲಸದ ಬಗ್ಗೆ ಹೆಮ್ಮೆ ಪಟ್ಟದ್ದು ಅದೇ ಮೊದಲು.

ಭಾಗೀರಥಿ ಕಾಫಿ ತಂದಿಟ್ಟರು. ಅವರೂ ನೋಡಿದ್ದರು. ನಕ್ಕಿರಲಿಲ್ಲ. "ಒಪ್ಕೊಂಡ್ರಾ?"

"ಒಪ್ಕೊಂಡೆ."

"ಹೂಂ." ಲೋಟವನ್ನು ಅವರತ್ತ ಸರಿಸಿ, "ಸಿಂಕ್ ಪೈಪು ಇನ್ನೂ ಸೋರ್ತಾ ಇದೆ," ಎಂದರು.

ಅನಂತರಾಮರು ಎದ್ದು ಸ್ಪ್ಯಾನರಿನ ಕೆಂಪು ಟೇಪು ಕಿತ್ತರು. ಸಿಂಕಿನ ಕೆಳಗೆ ಕೂತು ಪೈಪು ಬಿಗಿದರು. ಸೋರುವುದು ನಿಂತಿತು. ಅವರು ಆ ಸ್ಪ್ಯಾನರಿಗೆ ಹತ್ತಕ್ಕೆ ಮೂರು ಕೊಟ್ಟಿದ್ದರು.

ಆಮೇಲೆ ಕಪಾಟಿನ ತಳದಿಂದ 'ಅಪ್ರಸ್ತುತ' ಎಂಬ ಫೈಲನ್ನು ಎಳೆದರು. ಅದರಲ್ಲಿ ಇದ್ದದ್ದು ಒಂದೇ ಕಾಗದ. ಹಳದಿಯಾದ ಪೋಸ್ಟ್‌ಕಾರ್ಡು, ಗುಂಡಗಿನ ಕೈಬರಹ. ಅಂದು ಕಣ್ಣಾಡಿಸಿ ಬಿಟ್ಟದ್ದನ್ನು ಇಂದು ಗಮನವಿಟ್ಟು ಓದಿದರು. ಕಲ್ಯಾಣದ ಶಂಭು ಕೇಳಿದ್ದು ಒಂದೇ ಸಾಲು: 'ಸಾಹೇಬರೇ, ವಾಷರಿಗೆ ಎಣ್ಣೆ ಹಾಕಿದ್ದಿರಾ?' ಕೆಳಗೆ ವಿಳಾಸ. ಅಲ್ಲಿ ಈಗ ಒಂದು ಮೊಬೈಲ್ ಅಂಗಡಿಯಿರುವುದು ಅನಂತರಾಮರಿಗೆ ಗೊತ್ತಿತ್ತು. ಆ ದಾರಿಯಲ್ಲಿ ಎಷ್ಟೋ ಸಲ ಓಡಾಡಿದ್ದರು.

ಅಟ್ಟದ ತುದಿಯಿಂದ ಸ್ಯಾಂಪಲ್ ನಂಬರ್ ಏಳನ್ನು ಇಳಿಸಿದರು. ಧೂಳು ಕೊಡವಿದರು. ಮುದ್ರೆ ಕಿತ್ತರು. ಬಿಚ್ಚಲು ಕೈ ಹಾಕಿದವರು, ಬೆಳಗಿನದೆಲ್ಲ ನೆನಪಾಗಿ, ಕೈ ಹಿಂದೆಗೆದುಕೊಂಡರು. ಪಂಪನ್ನು ಮಗುವಿನಂತೆ ಎತ್ತಿಕೊಂಡು ಮೆಟ್ಟಿಲಿಳಿದು, ಗೇಟು ದಾಟಿ, ನೀಲಿ ತಾಡಪತ್ರಿಯ ಮುಂದೆ ನಿಂತರು. ಈ ಸಲ ಕಾಲಲ್ಲಿ ಚಪ್ಪಲಿಯಿತ್ತು. ಪಂಪನ್ನು ಮುಂದೆ ಚಾಚಿದರು.

ಚಂದ್ರಬಾಯಿ ಪಂಪನ್ನು ಕೈಗೆ ತೆಗೆದುಕೊಂಡಳು. ಹಿಡಿಯನ್ನು ಎರಡು ಸಲ ಆಡಿಸಿ, ಕಿವಿಗೊಟ್ಟು ಕ್ಷಣ ಕೇಳಿದಳು. ಎಣ್ಣೆಯ ಬಾಟಲಿಗೆ ಕೈ ಚಾಚಿದವಳು ಏನೋ ನೆನಪಾಗಿ ನಡುವೆಯೇ ತಡೆದು, ಮರ್ಯಾದೆಯಿಂದ ತಲೆಯೆತ್ತಿ ಕೇಳಿದಳು:

"ಇದು ಚಲೋ ಮಾಡಿಕೊಡ್ಲೇನ್ರಿ ಸಾಹೇಬ್ರ, ಇಲ್ಲ ಕೆಡಸಬೇಕೇನ್ರಿ?"